ಹೊಸ ಕಾರು: ಮೊದಲ ನೂರು ಕಿಲೋಮೀಟರ್ ಓಡಿಸಿದವರು ಯಾರು?

ರಾಯಚೂರು: ಹೊಸ ಕಾರನ್ನು ಮೊದಲ ಸಾವಿರ ಕಿಲೋಮೀಟರ್‌ವರೆಗೆ ಹದವಾಗಿ ಓಡಿಸಬೇಕು, ಎಂಜಿನ್ ಪಳಗಬೇಕು ಎಂಬ ಮಾತು ಕಾರು ಕೊಂಡವರಿಗೆಲ್ಲ ಗೊತ್ತಿರುವಂಥದ್ದೇ. ಆದರೆ ಆ ಸಾವಿರದಲ್ಲಿ ಮೊದಲ ನೂರನ್ನು ಓಡಿಸಿದವರು ಯಾರು ಎಂದು ಕೇಳುವವರು ಕಡಿಮೆ. ರಾಯಚೂರು, ಮಾನ್ವಿ, ದೇವದುರ್ಗಗಳ ಖರೀದಿದಾರರು ಈ ಪ್ರಶ್ನೆಯನ್ನು ಕೇಳಲೇಬೇಕು. ಮುಂಗಡ ಪಡೆದ ಮಳಿಗೆ ಊರಿನಲ್ಲಿಯೇ ಇದ್ದರೂ ಕಾರು ನಿಂತಿರುವ ದಾಸ್ತಾನು ಅಂಗಳ ಬೇರೊಂದು ಊರಿನಲ್ಲಿ ಇರಬಹುದು. ಅಲ್ಲಿಂದ ಲಾರಿಯ ಮೇಲೆ ಬಂದರೆ ಚಿಂತೆಯಿಲ್ಲ. ಕಲಬುರಗಿಯಿಂದಲೋ ಬಳ್ಳಾರಿಯಿಂದಲೋ ಚಾಲಕನೊಬ್ಬ ರಸ್ತೆಯಲ್ಲಿಯೇ ಓಡಿಸಿಕೊಂಡು ಬಂದರೆ, ಸುಮಾರು ನೂರೈವತ್ತು ಕಿಲೋಮೀಟರ್‌ಗಳಷ್ಟು ಪಳಗಿಸುವ ಕೆಲಸ ಮಾಲೀಕನ ಕೈಗೆ ಕೀಲಿ ಬರುವ ಮೊದಲೇ ಮುಗಿದಿರುತ್ತದೆ. ಅವಸರದ ಚಾಲಕ ಅದನ್ನು ಹೇಗೆ ಮುಗಿಸಿದ ಎಂಬುದಕ್ಕೆ ದಾಖಲೆ ಇರುವುದಿಲ್ಲ.

ಹಿಂದೆ ತಾತ್ಕಾಲಿಕ ನೋಂದಣಿಯ ಮೇಲೆ ಕಾರು ಮನೆಗೆ ಬರುತ್ತಿತ್ತು. ಆ ಬಳಿಕ ಅದನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಈ ಕ್ರಮವನ್ನು ಬದಲಿಸಿತು. ರಾಜ್ಯದೊಳಗೆ ಕೊಂಡ ಹೊಸ ವಾಹನದ ನೋಂದಣಿಗೆ ಡೀಲರೇ ಅರ್ಜಿ ಸಲ್ಲಿಸಬೇಕು, ವಾಹನವನ್ನು ಕಚೇರಿಗೆ ಹಾಜರುಪಡಿಸಬೇಕಿಲ್ಲ, ನೋಂದಣಿ ಸಂಖ್ಯೆಯ ಫಲಕ ಅಳವಡಿಸದೆ ಮಾಲೀಕರಿಗೆ ಒಪ್ಪಿಸುವಂತಿಲ್ಲ. ಕೆಎ-36 ಫಲಕಕ್ಕಾಗಿ ಕಚೇರಿ ಅಲೆಯುವುದು ತಪ್ಪಿತು, ನಿಜ. ಆದರೆ ಗ್ರಾಹಕ ತನ್ನ ಕಾರನ್ನು ಮೊದಲ ಬಾರಿಗೆ ಕಣ್ಣಾರೆ ಕಾಣುವ ಹೊತ್ತಿಗೆ ಅದು ಆಗಲೇ ಅವನ ಹೆಸರಿಗೆ ನೋಂದಣಿಯಾಗಿರುತ್ತದೆ. ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷ ರೂಪಾಯಿ ಬೆಲೆಯ ಕಾರಿಗೆ ಜೀವಾವಧಿ ತೆರಿಗೆ ಶೇ 14. ಎಂಟು ಲಕ್ಷದ ಕಾರಿಗೆ 1.12 ಲಕ್ಷ ರೂಪಾಯಿ, ಮೇಲೆ ಸೆಸ್. ಅಷ್ಟು ಹಣ ಖಜಾನೆ ಸೇರಿದ ನಂತರ ‘ಬಾಗಿಲಿಗೆ ಮರುಬಣ್ಣ ಬಳಿದಂತಿದೆ, ಬೇರೆ ಕಾರು ಕೊಡಿ’ ಎಂದರೆ ಕೇಳುವವರು ಯಾರು?

ಆದ್ದರಿಂದ ಪರಿಶೀಲನೆ ನಡೆಯಬೇಕಾದದ್ದು ನೋಂದಣಿಗೆ ಮೊದಲು. ಮುಂಗಡ ಕೊಡುವ ದಿನವೇ ಈ ಷರತ್ತನ್ನು ಬುಕಿಂಗ್ ನಮೂನೆಯ ಮೇಲೆ ಬರೆಸಿಕೊಳ್ಳುವುದು ಲೇಸು. ಬಾಯಿಮಾತಿನ ಭರವಸೆ ಕೊಟ್ಟ ಮಾರಾಟ ಪ್ರತಿನಿಧಿ ಮುಂದಿನ ತಿಂಗಳು ಬೇರೆ ಕಂಪನಿಯ ಮಳಿಗೆಯಲ್ಲಿರಬಹುದು. ತಮಗೆಂದು ಮೀಸಲಾದ ಕಾರಿನ ಚಾಸಿ ಸಂಖ್ಯೆಯನ್ನು ಕೇಳಿ ಪಡೆದು, ಇನ್‌ವಾಯ್ಸ್ ಹಾಗೂ ತಯಾರಕರು ನೀಡುವ ನಮೂನೆ 22ರೊಂದಿಗೆ ತಾಳೆ ನೋಡಬೇಕು. ಕಾರು ತಯಾರಾದ ತಿಂಗಳು, ವರ್ಷವನ್ನೂ ದಾಖಲೆಯಲ್ಲಿಯೇ ನೋಡಿಕೊಳ್ಳಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳೂ ಸಾಕ್ಷಿ ಹೇಳುತ್ತವೆ: 1225 ಎಂದಿದ್ದರೆ ಆ ಟೈರು 2025ರ ಹನ್ನೆರಡನೇ ವಾರದಲ್ಲಿ ತಯಾರಾದದ್ದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಭಾಗದ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಬ್ಯಾಟರಿ, ವೈಪರ್ ರಬ್ಬರು, ಟೈರುಗಳು ಓಡದೆಯೇ ಸವೆದಿರುತ್ತವೆ. ಓಡೋಮೀಟರಿನಲ್ಲಿ ಇಪ್ಪತ್ತು, ಮೂವತ್ತು ಕಿಲೋಮೀಟರ್ ಸಹಜ; ನೂರು ದಾಟಿದ್ದರೆ ಲಿಖಿತ ವಿವರಣೆ ಕೇಳುವುದರಲ್ಲಿ ಸಂಕೋಚ ಬೇಡ. ಬಣ್ಣವನ್ನು ಹಗಲಿನಲ್ಲಿ, ಹೊರಗಿನ ಬೆಳಕಿನಲ್ಲಿಯೇ ನೋಡಬೇಕು. ಷೋರೂಮಿನ ದೀಪದಡಿ ಎಲ್ಲ ಕಾರುಗಳೂ ಮದುಮಕ್ಕಳೇ.

ಈ ಎಚ್ಚರಿಕೆ ಅತಿಯಾಯಿತು ಎನ್ನುವವರು ಗೋವಾದ ಪ್ರಕರಣವನ್ನು ಗಮನಿಸಬಹುದು. 2009ರಲ್ಲಿ ತಯಾರಾಗಿ 622 ಕಿಲೋಮೀಟರ್ ಓಡಿದ್ದ ಟಾಟಾ ಕಾರೊಂದನ್ನು 2011ರಲ್ಲಿ ಹೊಸದೆಂದು ಮಾರಲಾಗಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಡೀಲರ್ ಮಾಡಿದ ತಪ್ಪು ಕಂಪನಿಗೆ ತಿಳಿದಿತ್ತೆಂಬುದು ಸಾಬೀತಾಗದ ಹೊರತು ಕಂಪನಿಯನ್ನು ಹೊಣೆಯಾಗಿಸಲಾಗದು ಎಂದು ನ್ಯಾಯಾಲಯ 2021ರ ಫೆಬ್ರುವರಿಯಲ್ಲಿ ಹೇಳಿತು. ದೊಡ್ಡ ಕಂಪನಿಯ ಹೆಸರನ್ನು ನಂಬಿ ಕಾಗದಪತ್ರ ನೋಡದೆ ಸಹಿ ಹಾಕುವವರು ಈ ತೀರ್ಪನ್ನು ನೆನಪಿಡಬೇಕು.

ಯುಗಾದಿ, ಆಯುಧಪೂಜೆಯ ಮುನ್ನಾದಿನಗಳ ಸಂಗತಿ ಬೇರೆಯೇ. ಒಂದೇ ದಿನ ಸಾಲುಗಟ್ಟಿ ಕಾರುಗಳನ್ನು ಒಪ್ಪಿಸುವಾಗ ತಪಾಸಣೆ ಮಾಡಬೇಕಾದ ಮೆಕ್ಯಾನಿಕ್ ರಿಬ್ಬನ್ ಕಟ್ಟುತ್ತಿರುತ್ತಾನೆ. ಮುಹೂರ್ತ ಬೇಕೆನ್ನುವವರು ಎರಡು ದಿನ ಮೊದಲೇ ಹೋಗಿ ನೋಡಿಬರಲಿ. ಒಪ್ಪಿಸುವುದು ತಡವಾದರೆ ಇನ್ನೊಂದು ನಷ್ಟವಿದೆ: ಬ್ಯಾಂಕಿನ ಸಾಲ ಡೀಲರ್ ಖಾತೆಗೆ ಸೇರಿದ ದಿನದಿಂದ, ಕಾರು ಓಡದಿದ್ದರೂ ಬಡ್ಡಿ ಓಡುತ್ತದೆ. ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬ ಬಾಬಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಜಾಗವಿಲ್ಲ. ವಿಮೆಯನ್ನೂ ಷೋರೂಮಿನಲ್ಲಿಯೇ ಕೊಳ್ಳಬೇಕೆಂಬ ಕಡ್ಡಾಯವಿಲ್ಲ.

ಇನ್ನು ಪಳಗಿಸುವ ವಿಷಯ. ಸಿಲಿಂಡರಿನ ಒಳಗೋಡೆಯ ಮೇಲೆ ಕಾರ್ಖಾನೆಯಲ್ಲಿ ಸೂಕ್ಷ್ಮವಾದ ಅಡ್ಡಗೀರುಗಳನ್ನು ಮೂಡಿಸಿರುತ್ತಾರೆ. ಪಿಸ್ಟನ್ ರಿಂಗುಗಳು ಅದಕ್ಕೆ ಉಜ್ಜಿ ಉಜ್ಜಿ ಸರಿಯಾಗಿ ಹೊಂದಿಕೊಳ್ಳಬೇಕು. ಹೊಂದಿಕೆ ಕೆಟ್ಟರೆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ. ಇಂದಿನ ಎಂಜಿನ್‌ಗಳು ಹಿಂದಿನವಕ್ಕಿಂತ ನಿಖರವಾಗಿ ತಯಾರಾಗುವುದು ಹೌದು. ಆದರೂ ಮೊದಲ ಸಾವಿರ ಕಿಲೋಮೀಟರ್ ಎಚ್ಚರಿಕೆ ಇರಲಿ ಎಂಬ ಸೂಚನೆಯನ್ನು ಹಲವು ಕಂಪನಿಗಳ ಕೈಪಿಡಿಗಳು ಉಳಿಸಿಕೊಂಡಿವೆ. ನಿಧಾನವೆಂದರೆ ಸದಾ 40ರ ವೇಗವೆಂದು ಅರ್ಥವಲ್ಲ. ವೇಗ ಏರಿಳಿಯುತ್ತಿರಬೇಕು, ಆಕ್ಸಿಲರೇಟರನ್ನು ಪೂರ್ತಿ ತುಳಿಯಬಾರದು, ಮೇಲಿನ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಂತೆ ಎಳೆಸಬಾರದು.

ಈ ದೃಷ್ಟಿಯಿಂದ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವ ದಾರಿ ಒಳ್ಳೆಯ ಗುರು. ಊರು, ಉಬ್ಬು, ತಿರುವುಗಳು ಗೇರು ಬದಲಿಸುವಂತೆ ತಾವೇ ಮಾಡುತ್ತವೆ. ಮಾನ್ವಿ ಮಾರ್ಗದಲ್ಲಿ ಸುಗ್ಗಿಯ ಕಾಲಕ್ಕೆ ಭತ್ತದ ಲಾರಿಗಳನ್ನು ಹಿಂದಿಕ್ಕುವ ಅವಸರದಲ್ಲಿ ಎಂಜಿನ್ನಿನಿಂದ ಪೂರ್ಣ ಶಕ್ತಿಯನ್ನು ಹಿಂಡುವ ಆಸೆಯಾಗುತ್ತದೆ. ಹೊಸ ಬ್ರೇಕುಗಳು ಮೊದಲ ಇನ್ನೂರು, ಮುನ್ನೂರು ಕಿಲೋಮೀಟರ್‌ವರೆಗೆ ಪೂರ್ತಿ ಹಿಡಿತ ಕೊಡುವುದಿಲ್ಲವಾದ್ದರಿಂದ ಅದು ಎಂಜಿನ್ನಿಗಿಂತ ಜೀವಕ್ಕೇ ಹೆಚ್ಚು ಅಪಾಯ. ಪೂಜೆಗೆಂದು ಮಂತ್ರಾಲಯಕ್ಕೆ ಹೋಗಿಬರುವವರ ವಾಡಿಕೆ ಎಂಜಿನ್ನಿಗೂ ಹಿತ. ಮರುದಿನವೇ ಹೈದರಾಬಾದಿಗೆ ಒಂದೇ ವೇಗದಲ್ಲಿ ಓಡಿಸುವುದೂ, ತೀನ್ ಕಂದೀಲ್ ಸಂದಣಿಯಲ್ಲಿ ಎ.ಸಿ. ಹಾಕಿಕೊಂಡು ಗಂಟೆಗಟ್ಟಲೆ ನಿಲ್ಲಿಸುವುದೂ ಅಷ್ಟೇ ಅಹಿತ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಿಗೆ ಊರೊಳಗಿನ ಸಣ್ಣ ಓಡಾಟ ಮಾತ್ರವಾದರೆ ಹೊಗೆಕೊಳವೆಯ ಮಸಿ ಶೋಧಕ ಕಟ್ಟಿಕೊಳ್ಳುವ ತೊಂದರೆಯೂ ಇದೆ.

ಮೊದಲ ಸರ್ವಿಸ್‌ಗೆ ಬಿಡುವಾಗ ಆಯಿಲ್ ಮಟ್ಟ ಇಳಿದಿದ್ದರೆ, ಸದ್ದು ಅಥವಾ ಕಂಪನವಿದ್ದರೆ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಪಡೆಯಬೇಕು. ‘ಹೊಸ ಗಾಡಿ, ಓಡ್ತಾ ಓಡ್ತಾ ಸರಿಯಾಗ್ತದ್ರಿ’ ಎಂಬ ಸಮಾಧಾನಕ್ಕೆ ದಾಖಲೆಯ ಬೆಲೆಯಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ದೇವದುರ್ಗದವರು ರಾಯಚೂರಿನ ಜಿಲ್ಲಾ ಆಯೋಗಕ್ಕೆ ಬರಬಹುದು. ಗಡುವು ಎರಡು ವರ್ಷ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.