ಆಟಗಾರನ ಲೆಕ್ಕ, ನ್ಯಾಯಾಧೀಶನ ಲೆಕ್ಕ

ಅಮೆರಿಕದವರಿಗೆ ಬೇಸ್‌ಬಾಲ್ ಹೇಗೋ ನಮಗೆ ಕ್ರಿಕೆಟ್ ಹಾಗೆ. ನ್ಯಾಯಾಧೀಶರ ವೃತ್ತಿಯನ್ನು ಆಟಗಾರರ ವೃತ್ತಿಯೊಡನೆ ಹೋಲಿಸಿ ನೋಡುವ ಪರಿಪಾಠ ಆ ದೇಶದಲ್ಲುಂಟು. ಹೋಲಿಕೆ ವಿಚಿತ್ರವೆನಿಸಿದರೂ ನಿರರ್ಥಕವಲ್ಲ. ವಾಚಕರೇ, ನಮ್ಮವರ ನಿದರ್ಶನಗಳಿಂದಲೇ ಇದನ್ನು ಪರಿಶೀಲಿಸೋಣ.

ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಅವರು 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರಿಗೆ 20 ವರ್ಷ. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸೋಲೂ ಗೆಲುವೂ ಅದೇ ಪಂದ್ಯದಲ್ಲಿ ಲೆಕ್ಕಕ್ಕೆ ಸಿಕ್ಕಿದವು. 1983ರಲ್ಲಿ ಕೊನೆಯ ಟೆಸ್ಟ್ ಆಡಿದಾಗ ಅವರಿಗೆ ಇನ್ನೂ 34 ತುಂಬಿರಲಿಲ್ಲ.

ನ್ಯಾಯಾಧೀಶನಿಗೆ ಆರಂಭವೇ ತಡ. ಹೈಕೋರ್ಟಿನ ಪೀಠವೇರಲು 10 ವರ್ಷಗಳ ವಕೀಲಿಯಾದರೂ ನ್ಯಾಯಾಂಗದ ಹುದ್ದೆಯಾದರೂ ಆಗಿರಬೇಕು. ಹೈಕೋರ್ಟಿನಲ್ಲಿ 62ಕ್ಕೆ, ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ನಿವೃತ್ತಿ. ಆಟಗಾರನನ್ನು ಅವನ ಮೈ ಮನೆಗೆ ಕಳುಹಿಸಿದರೆ, ನ್ಯಾಯಾಧೀಶನನ್ನು ಹುಟ್ಟಿದ ತಾರೀಖು ಕಳುಹಿಸುತ್ತದೆ. ಮುಖ್ಯ ನ್ಯಾಯಮೂರ್ತಿಯ ಸ್ಥಾನ ಹಿರಿತನದಿಂದ ಬರುವುದು ರೂಢಿ. ಆದುದರಿಂದ ಕರ್ನಾಟಕದ ಎಸ್. ರಾಜೇಂದ್ರ ಬಾಬು ಅವರಿಗೆ 2004ರಲ್ಲಿ ಆ ಸ್ಥಾನ ದೊರೆತದ್ದು ಸುಮಾರು ಒಂದೇ ತಿಂಗಳು. ಇದರಿಂದ ಯೋಗ್ಯತೆಯನ್ನು ಅಳೆಯಲಾದೀತೆ?

ತೀರ್ಪಿನ ಲೆಕ್ಕವಂತೂ ಬಹು ನಿಧಾನ. 1976ರ ತುರ್ತುಪರಿಸ್ಥಿತಿಯ ಮೊಕದ್ದಮೆಯಲ್ಲಿ ಎಚ್. ಆರ್. ಖನ್ನಾ ಅವರೊಬ್ಬರೇ ಭಿನ್ನವಾದ ತೀರ್ಪು ಬರೆದರು. ಮರುವರ್ಷ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರಿಗೆ ತಪ್ಪಿತು. ಅಂದಿನ ಬಹುಮತದ ತೀರ್ಪನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2017ರಲ್ಲಿ. ಅದನ್ನು ನೋಡಲು ಖನ್ನಾ ಅವರಿರಲಿಲ್ಲ, 2008ರಲ್ಲೇ ತೀರಿಕೊಂಡಿದ್ದರು.

ಆ 2017ರ ಮೊಕದ್ದಮೆಯ ಅರ್ಜಿದಾರರು ಯಾರು ಬಲ್ಲಿರಾ? ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಪೀಠದಿಂದಿಳಿದವರು ಪಕ್ಷಗಾರರಾಗಿ ನಿಂತು, ಖಾಸಗಿತನವು ಮೂಲಭೂತ ಹಕ್ಕೆಂಬ ತೀರ್ಪಿಗೆ ಕಾರಣರಾದರು.

ಕಾವೇರಿಯ ದಡದ ನಮ್ಮ ರುದ್ರಪಟ್ಟಣದವರಿಗೆ ಇದು ಹೊಸ ಮಾತಲ್ಲ. ಇಲ್ಲಿ 1920ರಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಅವರು ಆಕಾಶವಾಣಿಯಿಂದ ನಿವೃತ್ತರಾದ ಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಾಡಿದರು. 90 ದಾಟಿದ ಮೇಲೂ ಕಚೇರಿ ಮಾಡಿದರು.

ನನ್ನ ನಿವೃತ್ತಿಗೂ ಬಹಳ ವರ್ಷಗಳೇನೂ ಉಳಿದಿಲ್ಲ. ಮೇಷ್ಟರ ಲೆಕ್ಕ ಪರೀಕ್ಷೆಯ ಅಂಕಗಳಲ್ಲಿದೆಯೆಂದು ಹಿಂದೆ ನಂಬಿದ್ದೆ. ಈಗ ಅದು ನ್ಯಾಯಾಧೀಶರ ಲೆಕ್ಕದಂಥದೆಂದು ತೋರುತ್ತದೆ. ಹುಡುಗರು ದೊಡ್ಡವರಾದ ಮೇಲೆ ತಿಳಿಯಬೇಕು. ಆಗ ನಾವಿದ್ದರೆ ಸಂತೋಷ.