ಹಿತ್ತಿಲಿಗೆ ಕರೆದೊಯ್ಯುವ ಪುಸ್ತಕಗಳು

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯು ಗಿಡದ ಮೇಲೆ ಹೊರಿಸಿದ ದೋಷವಲ್ಲ. ನೋಡುವವರ ಕಣ್ಣಿನ ಮೇಲೆ ಹೊರಿಸಿದ ದೋಷ. ದಿನವೂ ಎದುರಿಗಿರುವುದನ್ನು ನಾವು ನೋಡುವುದೇ ಇಲ್ಲ. ನಮ್ಮ ಮನೆಗಳಲ್ಲಿ ಪುರಾಣವನ್ನು ಓದುವವರುಂಟು, ಕಾದಂಬರಿಗಳನ್ನು ಓದುವವರುಂಟು, ದೂರದೇಶಗಳ ಪ್ರವಾಸಕಥನಗಳನ್ನು ಓದುವವರೂ ಉಂಟು. ಆದರೆ ಬಚ್ಚಲ ನೀರು ಹರಿಯುವೆಡೆಯಲ್ಲಿ ತಾನಾಗಿ ಹುಟ್ಟಿ ಬೆಳೆದ ಸೊಪ್ಪಿನ ಹೆಸರೇನು, ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜವು ಅದರೊಳಗೆ ಏನನ್ನು ಬಚ್ಚಿಡುತ್ತದೆ ಎಂದು ಮಕ್ಕಳು ಕೇಳಿದರೆ, ಉತ್ತರ ಹೇಳಬಲ್ಲ ಗೃಹಸ್ಥರು ಎಷ್ಟು ಮಂದಿ ಇರುವರು?

ಈ ಕೊರತೆಯನ್ನು ತುಂಬಬಲ್ಲ ಬರವಣಿಗೆಗಳು ಇಲ್ಲದೆ ಇಲ್ಲ. ತೋಟಗಾರಿಕೆಯನ್ನೂ ಪ್ರಕೃತಿಯನ್ನೂ ಕುರಿತ ಪುಸ್ತಕಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ಕನ್ನಡದಲ್ಲಿಯೂ ಉತ್ತಮವಾದುವು ಇವೆ. ಇವುಗಳಲ್ಲಿ ಯಾವುದನ್ನು ಮನೆಗೆ ತರಬೇಕು, ತಂದ ಮೇಲೆ ಏನು ಮಾಡಬೇಕು ಎಂಬುದೇ ಇಲ್ಲಿಯ ವಿಷಯ. ನಮ್ಮ ಅಭಿಪ್ರಾಯವೇನೆಂದರೆ, ಯಾವ ಪುಸ್ತಕವು ಓದುವವರನ್ನು ಕುಳಿತಲ್ಲಿಂದ ಎಬ್ಬಿಸಿ ಹಿತ್ತಿಲಿಗೆ ಕಳುಹಿಸುವುದೋ ಅದೇ ಒಳ್ಳೆಯ ಪುಸ್ತಕ.

ಮೊದಲು ಒಂದು ಎಚ್ಚರಿಕೆಯ ಮಾತು. ಎಲ್ಲ ಪುಸ್ತಕಗಳೂ ಎಲ್ಲ ನೆಲಕ್ಕೂ ಒಪ್ಪುವುದಿಲ್ಲ. ಇಂಗ್ಲೆಂಡಿನ ತೋಟಗಾರನಿಗೆ ಹಿಮದ ಭಯ. ನಮ್ಮ ಬಯಲುಸೀಮೆಯವನಿಗೆ ಬಿಸಿಲಿನ ಭಯ. ಅಲ್ಲಿ ಮಾರ್ಚಿ ಏಪ್ರಿಲ್ ತಿಂಗಳುಗಳು ಬಿತ್ತನೆಗೆ ತಕ್ಕ ಕಾಲ. ಇಲ್ಲಿ ಅದೇ ತಿಂಗಳುಗಳಲ್ಲಿ ಎಳೆಯ ಸಸಿಗಳನ್ನು ಉಳಿಸಿಕೊಳ್ಳುವುದೇ ಒಂದು ಸಾಹಸ. ಅಲ್ಲಿಯವರು ಬಿಸಿಲನ್ನು ಅರಸಿ ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬಳಿ ಗಿಡವನ್ನು ನೆಡುವರು. ಇಲ್ಲಿ ಪಡುವಣ ಬಿಸಿಲಿಗೆ ಕಾದ ಗೋಡೆಯ ಬಳಿ ನೆಟ್ಟ ಗಿಡವು ಸಂಜೆಯೊಳಗೆ ಬಾಡುವುದು. ನಮ್ಮ ನಾಡಿನೊಳಗೂ ಹಾಗೆಯೇ. ಆಗುಂಬೆಯ ಮಳೆಗೂ ಚಳ್ಳಕೆರೆಯ ಮಳೆಗೂ ಅಜಗಜಾಂತರವಿರುವಾಗ ಎರಡೂ ಊರುಗಳಿಗೆ ಒಂದೇ ಪಂಚಾಂಗ ಹೇಗಾದೀತು? ಆದುದರಿಂದ ಪುಸ್ತಕವನ್ನು ಕೈಗೆತ್ತಿಕೊಂಡಾಗ ಮೂರು ಅಂಶಗಳನ್ನು ಪರೀಕ್ಷಿಸಬೇಕು. ಬರೆದವರು ಯಾವ ಊರಿನಲ್ಲಿ, ಯಾವ ಕಾಲದಲ್ಲಿ ನೋಡಿದರೆಂಬುದನ್ನು ಹೇಳಿದ್ದಾರೆಯೆ? ತಾವೇ ಕಂಡುದನ್ನು ಪರರಿಂದ ಕೇಳಿದುದರಿಂದ ಬೇರೆಮಾಡಿ ತೋರಿಸಿದ್ದಾರೆಯೆ? ಕೈಗೂಡಿದ್ದನ್ನು ಹೇಳಿದಂತೆಯೇ ಕೈಗೂಡದುದನ್ನೂ ಹೇಳಿದ್ದಾರೆಯೆ? ಇವಕ್ಕೆ ಹೌದೆಂಬ ಉತ್ತರ ದೊರೆತರೆ, ಪುಸ್ತಕವು ಪರದೇಶದ್ದಾದರೂ ನೋಡುವ ಕ್ರಮವನ್ನು ಅದರಿಂದ ಕಲಿಯಬಹುದು.

ಹೀಗೆ ಕಲಿಸುವವರಲ್ಲಿ ಅಗ್ರಗಣ್ಯನೆಂದರೆ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ (೧೭೨೦–೧೭೯೩). ಈತನು ದೇಶಾಂತರಗಳನ್ನು ಸುತ್ತಿದವನಲ್ಲ. ೧೭೫೧ರಲ್ಲಿ ತನ್ನ ತೋಟದ ಬಿತ್ತನೆ ನೆಡುವಿಕೆಗಳನ್ನು ಬರೆದಿಡಲು ತೊಡಗಿದನು. ಕ್ರಮೇಣ ಹಕ್ಕಿ, ಹುಳು, ಮಳೆ, ಗಾಳಿ ಎಲ್ಲವೂ ಆ ದಿನಚರಿಯೊಳಕ್ಕೆ ಬಂದುವು. ತಾನು ಕಂಡುದನ್ನು ಇಬ್ಬರು ಸ್ನೇಹಿತರಿಗೆ ಕಾಗದಗಳ ಮೂಲಕ ತಿಳಿಸುತ್ತಿದ್ದನು. ಅವುಗಳೇ ೧೭೮೯ರಲ್ಲಿ ಪುಸ್ತಕವಾಗಿ ಹೊರಬಿದ್ದುವು. ಇಂದಿಗೂ ಆ ಪುಸ್ತಕಕ್ಕೆ ಓದುಗರಿದ್ದಾರೆ. ನೋಟಕ್ಕೆ ಒಂದೇ ತೆರನಾಗಿದ್ದು ಜನರೆಲ್ಲರೂ ಒಂದೇ ಜಾತಿಯೆಂದು ಭಾವಿಸಿದ್ದ ಪುಟ್ಟ ಹಕ್ಕಿಗಳು ಮೂರು ಬೇರೆ ಬೇರೆ ಜಾತಿಗಳೆಂಬುದನ್ನು ಈತನು ಮುಖ್ಯವಾಗಿ ಅವುಗಳ ಕೂಗನ್ನು ಕೇಳಿಯೇ ಕಂಡುಹಿಡಿದನು. ಎಲ್ಲರೂ ತುಳಿದು ಸಾಗುವ ಎರೆಹುಳುವು ಮಣ್ಣನ್ನು ಸಡಿಲಗೊಳಿಸಿ ಗಿಡಗಳಿಗೆ ಉಪಕಾರಮಾಡುವುದೆಂದು ೧೭೭೭ರಲ್ಲಿಯೇ ಬರೆದನು. ಮಹಾವಿಜ್ಞಾನಿಯಾದ ಡಾರ್ವಿನ್ ಎರೆಹುಳುವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದುದು ಅದಾದ ನೂರನಾಲ್ಕು ವರ್ಷಗಳ ತರುವಾಯ! ಸೋದರತ್ತೆಯ ಮನೆಯಿಂದ ತಂದ ಒಂದು ಆಮೆಯನ್ನು ಈತನು ತೋಟದಲ್ಲಿ ಸಾಕಿದ್ದನು. ಅದರ ತೂಕವನ್ನು ಆಗಾಗ ನೋಡಿ ಬರೆಯುತ್ತಿದ್ದನು. ಅಷ್ಟು ಗಟ್ಟಿಯಾದ ಚಿಪ್ಪನ್ನು ಹೊತ್ತ ಪ್ರಾಣಿಯು ನಾಲ್ಕು ಹನಿ ಮಳೆಗೆ ಹೆದರಿ ಮರೆಯನ್ನು ಹುಡುಕುವುದನ್ನು ಕಂಡು ಆತನು ಪಟ್ಟ ಬೆರಗನ್ನು ಓದಿದರೆ ಮಕ್ಕಳಿಗೂ ನಗೆ ಬರುವುದು.

ಇದು ದೂರದೇಶದ ಮಾತಾಯಿತೆಂದರೆ, ನಮ್ಮ ಕಾರವಾರದ ಸೀಮೆಯಲ್ಲಿದ್ದು ಬರೆದವನೊಬ್ಬನ ಉದಾಹರಣೆಯೂ ಉಂಟು. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ (೧೮೫೧–೧೯೦೯) ಸಾತಾರೆಯಲ್ಲಿ ಹುಟ್ಟಿ, ಮುಂಬಯಿ ಸರ್ಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ೧೮೮೩ರಲ್ಲಿ ಮುಂಬಯಿಯಲ್ಲಿ ಎಂಟು ಮಂದಿ ಸೇರಿ ಪ್ರಕೃತಿ ವಿಜ್ಞಾನದ ಸಂಘವನ್ನು ಸ್ಥಾಪಿಸಿದಾಗ ಅವರಲ್ಲಿ ಈತನೂ ಒಬ್ಬನು; ಆ ಸಂಘವು ಇಂದಿಗೂ ನಡೆಯುತ್ತಿದೆ. ಅದೇ ವರ್ಷ ಪ್ರಕಟವಾದ ಈತನ ಪುಸ್ತಕದಲ್ಲಿ ಹುಲಿಯ ಬೇಟೆಯಿಲ್ಲ, ಆನೆಯ ಹಿಂಡಿಲ್ಲ. ಮನೆಯೊಳಗಿನ ಇಲಿ, ಹಲ್ಲಿ, ಇರುವೆ, ಸೊಳ್ಳೆ, ಕಾಗೆ, ಕಣಜ ಇವೇ ಅದರ ಪಾತ್ರಗಳು. ೧೮೯೪ರ ಇನ್ನೊಂದು ಪುಸ್ತಕದಲ್ಲಿ ಉತ್ತರ ಕನ್ನಡದ ಕಾಡುಗಳ ಓಡಾಟವಿದೆ. ಮನೆಯ ಆಳುಕಾಳುಗಳನ್ನು ಕುರಿತು ಬರೆದಲ್ಲಿ ಈತನಿಗೆ ದೊರೆತನದ ಧಾಟಿ ಬರುವುದುಂಟು, ಅದನ್ನು ಒಪ್ಪಬೇಕಾದುದಿಲ್ಲ. ಆದರೆ ಪ್ರಾಣಿಗಳ ವಿಷಯದಲ್ಲಿ ಈತನ ಕಣ್ಣು ಸೂಕ್ಷ್ಮ. ಇಂಥವರನ್ನು ಓದಿದವರು ಗೋಡೆಯ ಮೇಲಿನ ಮಣ್ಣಿನ ಗೂಡನ್ನು ಪೊರಕೆಯಿಂದ ಕೆಡವುವ ಮುನ್ನ ಒಂದು ಗಳಿಗೆ ನಿಂತು ನೋಡುವರು. ಕಣಜವು ಜೇಡಗಳನ್ನೋ ಹಸುರು ಹುಳುಗಳನ್ನೋ ಕುಟುಕಿ, ಕೊಲ್ಲದೆ ಚಲನೆಯನ್ನು ಮಾತ್ರ ಅಡಗಿಸಿ, ಮುಂದೆ ಹುಟ್ಟುವ ತನ್ನ ಮರಿಯ ಬುತ್ತಿಗಾಗಿ ಅದರೊಳಗೆ ತುಂಬುತ್ತದೆ.

ಇನ್ನು ಕನ್ನಡದ ಮಾತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ಶಿಷ್ಯರೊಡನೆ ಕಾಡುಮೇಡುಗಳಲ್ಲಿ ಗಿಡಗಳನ್ನು ಅರಸಿ ಅಲೆದುದನ್ನು 'ಹಸುರು ಹೊನ್ನು' ಎಂಬ ಗ್ರಂಥದಲ್ಲಿ ವಿನೋದವಾಗಿ ಬರೆದಿದ್ದಾರೆ. ಅದಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಗೃಹಿಣಿಯರಿಗೆ ಇನ್ನೂ ಹತ್ತಿರದ್ದೆಂದರೆ ಅವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮಾಟೊ, ನೆಲಗಡಲೆ, ಗೋಡಂಬಿ, ಸೀಬೆ, ಪರಂಗಿ ಇವೆಲ್ಲವೂ ಅಮೆರಿಕಾ ಖಂಡದಿಂದ ಬಂದ ಅತಿಥಿಗಳು. ಕೊಲಂಬಸನ ಯಾತ್ರೆಗೆ ಮುಂಚೆ ಇವುಗಳಲ್ಲಿ ಒಂದೂ ನಮ್ಮ ಅಡಿಗೆಯ ಮನೆಯಲ್ಲಿರಲಿಲ್ಲ. ನಮ್ಮ ಸಾರಿಗೆ ಖಾರವನ್ನು ಕೊಡುತ್ತಿದ್ದುದು ಕಾಳುಮೆಣಸು. ಅದರ ಹೆಸರನ್ನೇ ಹೊಸದಾಗಿ ಬಂದ ಕಾಯಿಗೂ ಇಟ್ಟು 'ಮೆಣಸಿನಕಾಯಿ' ಎಂದರು. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಇಂದಿಗೂ ಮೆಣಸಿನಕಾಯಿ, ಆಲೂಗೆಡ್ಡೆಗಳು ಸಲ್ಲವು. ಅಜ್ಜಿಯು 'ಅದು ಮಡಿಗೆ ಬರುವುದಿಲ್ಲ' ಎಂದು ಹೇಳುವ ಒಂದು ಮಾತಿನಲ್ಲಿ ನಾಲ್ಕೈದು ಶತಮಾನಗಳ ಸಸ್ಯಚರಿತ್ರೆಯೇ ಅಡಗಿದೆ.

ಇಷ್ಟು ಹೇಳಿದ ಮೇಲೆ ಹಂಚಿಕೊಳ್ಳುವ ವಿಷಯ. ವೈಟನಿಗೆ ಇಬ್ಬರು ಸ್ನೇಹಿತರಿಲ್ಲದಿದ್ದರೆ ಆತನ ಪುಸ್ತಕವು ಹುಟ್ಟುತ್ತಿರಲಿಲ್ಲ. ನಮ್ಮ ದೇಶದಲ್ಲಿಯೂ ೧೯೫೯ರ ಕೊನೆಯಲ್ಲಿ ಜಫರ್ ಫತೇಹಲಿ ಎಂಬವರು ಹಕ್ಕಿಗಳನ್ನು ನೋಡುವವರಿಗಾಗಿ ಒಂದು ಚಿಕ್ಕ ಪತ್ರಿಕೆಯನ್ನು ಹೊರಡಿಸಿದರು. ಮೊದಮೊದಲು ಅದಕ್ಕೆ ಅಚ್ಚಿನ ಸೌಕರ್ಯವೂ ಇರಲಿಲ್ಲ. ಕಲ್ಲಚ್ಚಿಗಿಂತಲೂ ಸರಳವಾದ ಪ್ರತಿಯಂತ್ರದಲ್ಲಿ ತೆಗೆದ ಹಾಳೆಗಳು, ಅಷ್ಟೆ. ವೈದ್ಯರು, ಗುಮಾಸ್ತರು, ಉಪಾಧ್ಯಾಯರು, ಗೃಹಿಣಿಯರು ತಮ್ಮ ತಮ್ಮ ಊರಿನಲ್ಲಿ ಕಂಡುದನ್ನು ಬರೆದು ಕಳುಹಿಸಿದರು. ಪತ್ರಿಕೆಯು ದಶಕಗಳ ಕಾಲ ನಡೆಯಿತು. ಒಬ್ಬರ ಹಿತ್ತಿಲಿನ ಸಂಗತಿಯು ಇನ್ನೊಬ್ಬರಿಗೆ ತಲುಪಿದಾಗಲೇ ಅದು ಜ್ಞಾನವಾಗುವುದು.

ಇದರಿಂದ ನಮ್ಮ ಮನೆಗಳಿಗಾಗುವ ಪ್ರಯೋಜನವು ಸಾಮಾನ್ಯವಾದುದಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಳೆ ಬಿದ್ದ ಮೇಲೆ ಹೊಲದ ಬದುಗಳಿಂದ ಕಿತ್ತು ತರುವ ಬೆರಕೆ ಸೊಪ್ಪನ್ನು ನೋಡಿರಿ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ ಸೊಪ್ಪು ಎಂದು ಒಂದೊಂದನ್ನೂ ಹೆಸರಿಟ್ಟು ಕರೆಯಬಲ್ಲ, ತಿನ್ನತಕ್ಕದ್ದನ್ನೂ ತಿನ್ನಬಾರದ್ದನ್ನೂ ಎಲೆಯನ್ನು ಮುಟ್ಟಿಯೇ ಹೇಳಬಲ್ಲ ಮುದುಕಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಅವರು ಬರೆದಿಟ್ಟವರಲ್ಲ, ಸೊಸೆಯಂದಿರಿಗೂ ಮೊಮ್ಮಕ್ಕಳಿಗೂ ಕೇಳಲು ಬಿಡುವಿಲ್ಲ. ಯಾವ ಪುಸ್ತಕವೂ ಈ ವಿದ್ಯೆಯನ್ನು ಪೂರ್ತಿಯಾಗಿ ಕಲಿಸಲಾರದು. ಪುಸ್ತಕದ ಚಿತ್ರವೊಂದನ್ನೇ ನಂಬಿ ಕಾಡುಸೊಪ್ಪನ್ನು ಒಲೆಗೇರಿಸುವುದು ಅಪಾಯ. ಬಲ್ಲವರ ಬಳಿಯಲ್ಲಿ ನಿಂತೇ ಕಲಿಯಬೇಕು, ಕಲಿತುದನ್ನು ಬರೆದಿಡಬೇಕು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟು. ತಿಂಗಳಿಗೊಂದು ಇಂಥ ಪುಸ್ತಕವನ್ನು ವಾಚನಾಲಯದಿಂದಾಗಲಿ ಸ್ನೇಹಿತರಿಂದಾಗಲಿ ತಂದು, ರಾತ್ರಿ ಊಟವಾದ ಮೇಲೆ ಒಬ್ಬರು ಓದಿ ಉಳಿದವರು ಕೇಳುವಂತಾಗಲಿ. ಇಂಗ್ಲಿಷ್ ಪುಸ್ತಕವಾದರೆ ಬಲ್ಲವರು ಕನ್ನಡದಲ್ಲಿ ಹೇಳಿ ತಿಳಿಸಲಿ. ಮನೆಯಲ್ಲಿ ಒಂದು ದಿನಚರಿಯ ಪುಸ್ತಕವಿರಲಿ: ಮೊದಲ ಮಳೆ ಬಿದ್ದ ದಿನ, ಮಾವು ಹೂಬಿಟ್ಟ ದಿನ, ಕೋಗಿಲೆಯು ಮೊದಲು ಕೂಗಿದ ದಿನ, ಬಿತ್ತಿದ ಬೀಜ, ಮೊಳೆತದ್ದೆಷ್ಟು, ಒಣಗಿದ್ದೆಷ್ಟು. ದಿನಕ್ಕೆ ಎರಡು ಪಂಕ್ತಿ ಸಾಕು. ಮೂರು ವರ್ಷಗಳಾದ ಮೇಲೆ ಹೋಲಿಸಿ ನೋಡಿದರೆ, ನಿಮ್ಮ ಊರಿಗೆ ಸಲ್ಲುವ ತೋಟದ ಪಂಚಾಂಗವೊಂದು ನಿಮ್ಮ ಕೈಯಲ್ಲಿಯೇ ಸಿದ್ಧವಾಗಿರುವುದು. ಅಂಥದು ಪೇಟೆಯಲ್ಲಿ ಕ್ರಯಕ್ಕೆ ದೊರೆಯದು. ಮೆಚ್ಚಿದ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗಹಾಕದೆ ನೆರೆಮನೆಯವರಿಗೆ ಕೊಡಿರಿ. ಕೊಡುವಾಗ ಅದರ ಜೊತೆಯಲ್ಲಿ ನಿಮ್ಮ ಹಿತ್ತಿಲಿನ ದಾಸವಾಳದ ಒಂದು ಕಡ್ಡಿಯನ್ನೋ ಅವರೆಯ ಒಂದು ಹಿಡಿ ಬೀಜವನ್ನೋ ಕೊಡಿರಿ. ಪುಸ್ತಕವು ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು. ಅವರೆಯ ಬಳ್ಳಿಯಂತೂ ಅವರ ಬೇಲಿಯ ಮೇಲೆ ಹಬ್ಬುವುದು.