ನುಸಿಯನ್ನು ತಿನ್ನುವ ನುಸಿ

ಬದನೆ, ಬೆಂಡೆ, ತಿಂಗಳ ಹುರುಳಿ, ಗುಲಾಬಿ ಬೆಳೆಯುವ ರೈತ ಬಾಂಧವರಿಗೆ ಕೆಂಪು ನುಸಿಯ ಕಾಟ ಹೊಸದಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಬಿಸಿಲು ಏರಿ ಹವೆ ಒಣಗಿದಾಗ ಎಲೆಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಎಲೆ ತಿರುವಿ ನೋಡಿದರೆ ನವಿರಾದ ಬಲೆ, ಅದರಡಿಯಲ್ಲಿ ಧೂಳಿನ ಕಣದಂಥ ಜೀವಿಗಳು. ನೀವು ಔಷಧಿ ಹೊಡೆಯುತ್ತೀರಿ. ವಾರ ಹತ್ತು ದಿನ ಕಡಮೆಯಾದಂತೆ ಕಂಡು, ಅನಂತರ ಮೊದಲಿಗಿಂತ ಹೆಚ್ಚಾಗುತ್ತದೆ. ಮತ್ತೆ ಹೊಡೆಯುತ್ತೀರಿ. ಹೀಗೇಕೆ ಆಗುತ್ತದೆಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅದೇ ಎಲೆಯ ತಳಭಾಗದಲ್ಲಿದೆ.

ಅಲ್ಲಿ ಎರಡು ಬಗೆಯ ನುಸಿಗಳು ಇರಬಹುದು. ಒಂದು ಎಲೆಯ ರಸ ಹೀರುವುದು. ಇನ್ನೊಂದು ಆ ರಸ ಹೀರುವ ನುಸಿಯನ್ನೇ ಹಿಡಿದು ತಿನ್ನುವುದು. ಎರಡನೆಯದಕ್ಕೆ ಪರಭಕ್ಷಕ ನುಸಿ ಎನ್ನುತ್ತಾರೆ. ನಮ್ಮ ತರಕಾರಿ ಮತ್ತು ಹೂವಿನ ಬೆಳೆಗಳಲ್ಲಿ ತಾನಾಗಿಯೇ ಸಿಗುವ ಮುಖ್ಯ ಜಾತಿಯ ಹೆಸರು ನಿಯೋಸಿಯುಲಸ್ ಲಾಂಗಿಸ್ಪೈನೋಸಸ್. ಹಳೆಯ ಪುಸ್ತಕಗಳಲ್ಲಿ ಇದನ್ನೇ ಆಂಬ್ಲಿಸಿಯಸ್ ಎಂದು ಕರೆದಿದ್ದಾರೆ. ಹೆಸರು ನಾಲಿಗೆಗೆ ತೊಡಕು, ನೆನಪಿಡದಿದ್ದರೂ ನಷ್ಟವಿಲ್ಲ. ಗುರುತು ಹಿಡಿಯುವುದು ಮುಖ್ಯ.

ಇದಕ್ಕೆ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಎರಡೂ ಅರ್ಧ ಮಿಲಿಮೀಟರಿನ ಆಸುಪಾಸಿನವು. ಬೆಳೆದವಕ್ಕೆ ಎಂಟು ಕಾಲುಗಳು. ಎಂದರೆ ಇವು ಕೀಟಗಳಲ್ಲ, ಜೇಡನ ಬಳಗದವು. ಕೆಂಪು ನುಸಿ ಎಂಬ ಹೆಸರಿದ್ದರೂ ಅದು ಯಾವಾಗಲೂ ಕೆಂಪಾಗಿರುವುದಿಲ್ಲ. ಹಸಿರು ಮಿಶ್ರಿತ ಹಳದಿ ಮೈಯ ಎರಡು ಬದಿಗೆ ಒಂದೊಂದು ಕಪ್ಪು ಮಚ್ಚೆ ಇರುವುದೂ ಉಂಟು. ಅದು ಬಲೆಯೊಳಗೆ ಗುಂಪಾಗಿ, ನಿಧಾನವಾಗಿ ಚಲಿಸುತ್ತದೆ. ಪರಭಕ್ಷಕ ನುಸಿಯ ಮೈ ನೀರಿನ ಹನಿಯಾಕಾರ, ಹೊಳಪು, ಬಣ್ಣ ಮಾಸಲು ಬಿಳಿ. ತಿಂದ ಆಹಾರಕ್ಕೆ ತಕ್ಕಂತೆ ಕಿತ್ತಳೆ ಛಾಯೆಯೂ ಬರುತ್ತದೆ. ಕಾಲುಗಳು ಉದ್ದ. ಎಲೆ ತಿರುವಿದ ಕೂಡಲೇ ಅತ್ತಿತ್ತ ಓಡುವುದು ಅದೇ ಎಂದು ತಿಳಿಯಿರಿ. ಮೊಟ್ಟೆಯಲ್ಲೂ ವ್ಯತ್ಯಾಸವುಂಟು: ಕೆಂಪು ನುಸಿಯದು ದುಂಡು, ಪರಭಕ್ಷಕದ್ದು ತುಸು ದೊಡ್ಡದು, ಅಂಡಾಕಾರ.

ಈ ಬೇಟೆಗಾರನಿಗೆ ಕಣ್ಣಿಲ್ಲ! ವಾಸನೆಯಿಂದಲೇ ಬೇಟೆಯ ಜಾಡು ಹಿಡಿಯುತ್ತದೆ. ನುಸಿ ಹತ್ತಿದ ಗಿಡವೇ ಒಂದು ಬಗೆಯ ವಾಸನೆ ಬಿಟ್ಟು ಪರಭಕ್ಷಕ ನುಸಿಯನ್ನು ಕರೆಸಿಕೊಳ್ಳುತ್ತದೆಂದು 1980ರ ದಶಕದಲ್ಲಿ ಹಾಲೆಂಡಿನ ವಿಜ್ಞಾನಿಗಳು ತೋರಿಸಿದರು. ಬೆಚ್ಚಗಿನ ಹವೆಯಲ್ಲಿ ಸುಮಾರು ಐದು ದಿನಕ್ಕೆ ಮೊಟ್ಟೆಯಿಂದ ಬೆಳೆದ ನುಸಿಯಾಗುತ್ತದೆ. ಕೆಂಪು ನುಸಿಗೆ ಅದಕ್ಕಿಂತ ಹೆಚ್ಚು ದಿನ ಬೇಕು. ಆದುದರಿಂದಲೇ ತಡವಾಗಿ ಬಂದರೂ ಇದು ಶತ್ರುವಿನ ಸಂಖ್ಯೆಯನ್ನು ಹಿಂದೆ ಹಾಕಬಲ್ಲದು, ನಾವು ಬಿಟ್ಟರೆ.

ನಾವು ಬಿಡುವುದಿಲ್ಲ ಎಂಬುದೇ ತೊಂದರೆ. ಬದನೆಯ ಸುಳಿ ಮತ್ತು ಕಾಯಿಕೊರಕಕ್ಕೆಂದು ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಔಷಧಿಗಳನ್ನು ಮೇಲಿಂದ ಮೇಲೆ ಹೊಡೆದಾಗ ಪರಭಕ್ಷಕ ನುಸಿ ಮೊದಲು ಸಾಯುತ್ತದೆ. ಬಲೆಯೊಳಗಿನ ಕೆಂಪು ನುಸಿ ಬಹುಪಾಲು ಉಳಿಯುತ್ತದೆ. ಕಾವಲುಗಾರನಿಲ್ಲದ ಹೊಲದಲ್ಲಿ ಅದು ಹೆಚ್ಚದೆ ಏನು ಮಾಡೀತು? ಎರಡನೆಯ ಮಹಾಯುದ್ಧದ ನಂತರ ಅಮೆರಿಕ, ಯುರೋಪುಗಳ ಸೇಬಿನ ತೋಟಗಳಲ್ಲಿ ಡಿ.ಡಿ.ಟಿ. ಬಳಸಿದಾಗಲೂ ಹೀಗೆಯೇ ಆಯಿತು. ಅದುವರೆಗೆ ಅಷ್ಟೇನೂ ಲೆಕ್ಕಕ್ಕಿಲ್ಲದ ನುಸಿ ದೊಡ್ಡ ಪೀಡೆಯಾಗಿ ಬೆಳೆಯಿತು.

ಇಂಥ ನುಸಿಯನ್ನು ಸಾಕಿ ಬಳಸುವ ಪದ್ಧತಿಗೂ ಒಂದು ಕಥೆಯಿದೆ. 1958ರಲ್ಲಿ ಚಿಲಿ ದೇಶದಿಂದ ಬಂದ ಆರ್ಕಿಡ್ ಗಿಡಗಳ ಜೊತೆ ಇನ್ನೊಂದು ಜಾತಿಯ ಪರಭಕ್ಷಕ ನುಸಿ ಜರ್ಮನಿ ತಲುಪಿತು. ಮುಂದೆ ಅದನ್ನು ಯುರೋಪಿನ ಗಾಜಿನ ಮನೆಗಳ ಸೌತೆ ಬೆಳೆಯಲ್ಲಿ ಬಿಡತೊಡಗಿದರು. ನಮಗೆ ಹೊರದೇಶದ ನುಸಿಯೇ ಬೇಕೆಂದಿಲ್ಲ, ಊರಿನದೇ ಇದೆ.

ನೀವು ಮಾಡಬೇಕಾದುದು ಇಷ್ಟು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹೊಲದ ನಾಲ್ಕಾರು ಕಡೆ ಎಲೆಯ ತಳಭಾಗ ಪರೀಕ್ಷಿಸಿ. ಹತ್ತು ಕೆಂಪು ನುಸಿಗೆ ಒಂದರಂತೆ ಪರಭಕ್ಷಕ ಕಂಡರೆ ಸಿಂಪರಣೆ ತಡೆದು, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಕಾಯಿಕೊರಕ ಹತ್ತಿದ ಸುಳಿಗಳನ್ನು ಚಿವುಟಿ ಸುಡಿ. ಸಿಂಪಡಿಸಲೇಬೇಕಾದರೆ ಬೇವಿನ ಬೀಜದ ಕಷಾಯ ಹೋಲಿಕೆಯಲ್ಲಿ ಕಡಮೆ ಹಾನಿ ಮಾಡುತ್ತದೆ. ಬೆಳೆ ಒಣಗಲು ಬಿಡಬೇಡಿ. ಹವೆ ತೀರ ಒಣಗಿದರೆ ಪರಭಕ್ಷಕದ ಮೊಟ್ಟೆ ಬತ್ತುತ್ತದೆ, ಧೂಳು ಕೂತ ಎಲೆಯಲ್ಲಿ ಕೆಂಪು ನುಸಿ ಹುಲುಸಾಗಿ ಬೆಳೆಯುತ್ತದೆ. ರಸ್ತೆಬದಿಯ ಸಾಲುಗಳಿಗೆ ಆಗಾಗ ನೀರೆರಚಿ ಧೂಳು ತೊಳೆಯಿರಿ.

ಆಸಕ್ತಿಯುಳ್ಳವರು ಮನೆಯಲ್ಲೇ ಸಾಕಬಹುದು. ಹೊಲದಿಂದ ದೂರದಲ್ಲಿ ಕುಂಡಗಳಲ್ಲಿ ತಿಂಗಳ ಹುರುಳಿ ಬಿತ್ತಿ. ಎಲೆ ಬಲಿತ ಮೇಲೆ ಕೆಂಪು ನುಸಿಯಿರುವ ಎಲೆಗಳನ್ನು ಅದರ ಮೇಲಿಡಿ. ವಾರ ಕಳೆದು ನುಸಿ ಹೆಚ್ಚಿದಾಗ ಪರಭಕ್ಷಕವಿರುವ ಎಲೆಗಳನ್ನು ಹಾಕಿ. ಕೆಂಪು ನುಸಿ ಕರಗುತ್ತ ಬಂದಂತೆ ಆ ಎಲೆಗಳನ್ನು ಕತ್ತರಿಸಿ, ಸಂಜೆಯ ತಂಪಿನಲ್ಲಿ ನುಸಿ ಹತ್ತಿದ ಗಿಡಗಳ ಮೇಲೆ ಇಡಿ. ಶುದ್ಧವಾಗಿರುವ ಗಿಡಗಳ ಮೇಲೆ ಬೇಡ. ಉಳಿದ ಕೆಂಪು ನುಸಿಯೂ ಜೊತೆಗೆ ಹೋದೀತು. ಎಲೆಗಳು ಕಂದಿ, ಗಿಡವೆಲ್ಲ ಬಲೆ ಮುಚ್ಚಿದ ಮೇಲೆ ಬಿಟ್ಟು ಫಲವಿಲ್ಲ. ಟೊಮೆಟೊದಲ್ಲಿಯೂ ಇದರಿಂದ ಹೆಚ್ಚು ನಿರೀಕ್ಷಿಸಬೇಡಿ, ಅದರ ಕಾಂಡದ ಅಂಟು ರೋಮಗಳಲ್ಲಿ ಈ ನುಸಿಯ ಓಡಾಟ ಸರಾಗವಾಗಿ ನಡೆಯುವುದಿಲ್ಲ.